ನೋವರಿಯದ ಅಂಗಾಲು

ಜುಲೈ ತಿಂಗಳಲ್ಲಿ ಖಾನಾಪುರ ತಾಲ್ಲೂಕಿನ ಬೀಡಿಯ ಸುತ್ತಮುತ್ತ ಭತ್ತದ ಗದ್ದೆಗಿಳಿಯುವವರ ಚಪ್ಪಲಿ ಬದುವಿನ ಮೇಲೆಯೇ ಉಳಿಯುತ್ತದೆ. ಕಾಲು ಹೂತುಹೋಗುವ ಕೆಸರಿನಲ್ಲಿ ಚಪ್ಪಲಿ ಹಾಕಿಕೊಂಡು ಹೆಜ್ಜೆ ಕೀಳಲಾಗದು. ಕೆಸರಿನ ಅಡಿಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣದು. ಹಳೆಯ ಕೂಳೆ, ಚೂಪುಗಲ್ಲು, ಬಾಟಲಿಯ ಚೂರು, ಬೇಲಿಯಿಂದ ಬಂದು ಬಿದ್ದ ಜಾಲಿಮುಳ್ಳು, ಎಲ್ಲವನ್ನೂ ಅಂಗಾಲೇ ಗುರುತಿಸಬೇಕು. ಮುಳ್ಳು ತಾಗಿದ ಕ್ಷಣ ಕಾಲು ತಾನಾಗಿ ಮೇಲಕ್ಕೇಳುತ್ತದೆ. 'ಮುಳ್ಳು' ಎಂದು ಮನಸ್ಸಿಗೆ ಹೊಳೆಯುವುದು ಆಮೇಲೆ. ಕುಷ್ಠರೋಗ ಬಂದು ಹೋದ ಕೆಲವರ ಅಂಗಾಲು ಈ ಕೆಲಸ ಮಾಡುವುದಿಲ್ಲ. ಮುಳ್ಳು ಪೂರ್ತಿ ಹೊಕ್ಕಿದ್ದರೂ ಅವರು ನಾಟಿಯ ಸಾಲು ಮುಗಿಸಿಯೇ ಮೇಲೆ ಬರುತ್ತಾರೆ. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದರೆ ಗಾಯವಾಗಿದೆ ಎಂದು ಆಗ ಗೊತ್ತಾಗುತ್ತದೆ.

ಕುಷ್ಠವನ್ನು ನಾವು ಚರ್ಮರೋಗಗಳ ಪಟ್ಟಿಯಲ್ಲಿಟ್ಟಿದ್ದೇವೆ. ಚರ್ಮದ ಡಾಕ್ಟರೇ ಅದನ್ನು ನೋಡುತ್ತಾರೆ. ರೋಗಾಣುವನ್ನು ಕೊಲ್ಲಲು ಆರು ತಿಂಗಳಿಂದ ಒಂದು ವರ್ಷದ ಔಷಧ ಸಾಕು. ಆದರೆ ಔಷಧ ಮುಗಿದ ಮೇಲೂ ಮೂವತ್ತು ನಲವತ್ತು ವರ್ಷ ನೆಲದ ಮೇಲೆ ನಡೆಯಬೇಕಾದ ಕಾಲನ್ನು ಕಾಯುವುದು ಒಂದು ರಬ್ಬರ್ ಹಾಳೆ. ಔಷಧಕ್ಕೆ ಸಿಗುವ ಗೌರವ ಆ ರಬ್ಬರಿಗೂ ಸಿಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಏಕೆಂದು ತಿಳಿಯಲು ಮೊದಲು ರೋಗಾಣುವಿನ ಸ್ವಭಾವ ನೋಡಬೇಕು.

ನಾರ್ವೆಯ ಬರ್ಗೆನ್ ಊರಿನಲ್ಲಿ ಗೆರಾರ್ಡ್ ಆರ್ಮಾಯರ್ ಹಾನ್ಸೆನ್ ಎಂಬ ವೈದ್ಯ 1873ರಲ್ಲಿ ಈ ರೋಗಾಣುವನ್ನು ಸೂಕ್ಷ್ಮದರ್ಶಕದಡಿ ಕಂಡರು. ಮನುಷ್ಯನಲ್ಲಿ ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಮೊದಮೊದಲು ಗುರುತಿಸಲ್ಪಟ್ಟವುಗಳಲ್ಲಿ ಇದೂ ಒಂದು. ಅಂದಿನಿಂದ ಒಂದೂವರೆ ಶತಮಾನ ಕಳೆದರೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದನ್ನು ಬೆಳೆಸಲು ಯಾರಿಂದಲೂ ಆಗಿಲ್ಲ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲವಾದ ಕಡೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಕುಷ್ಠದ ರೋಗಾಣುವಿಗೆ ಅದೇ ಕೆಲಸಕ್ಕೆ ಸುಮಾರು ಎರಡು ವಾರ ಬೇಕು. ಹೀಗಾಗಿ ಸೋಂಕು ತಗುಲಿ ಎಷ್ಟೋ ವರ್ಷಗಳಾದ ಮೇಲೆ ಮೊದಲ ಮಚ್ಚೆ ಕಾಣುತ್ತದೆ. ಇದಕ್ಕೆ ದೇಹದ ಬೆಚ್ಚನೆಯ ಒಳಭಾಗ ಹಿಡಿಸದು. ಕಿವಿ, ಮೂಗು, ಕೈಕಾಲುಗಳಂಥ ತಂಪು ಜಾಗ ಬೇಕು. ಮೊಣಕೈ ಹಿಂದೆ, ಮೊಣಕಾಲ ಪಕ್ಕದಲ್ಲಿ, ಕಣಕಾಲ ಒಳಬದಿಯಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ನರಗಳು ಅದಕ್ಕೆ ಹೇಳಿಮಾಡಿಸಿದ ತಾಣ. ಇಷ್ಟೊಂದು ಬ್ಯಾಕ್ಟೀರಿಯಾಗಳ ನಡುವೆ ನರದೊಳಗೇ ಹೊಕ್ಕು ಮನೆ ಮಾಡುವಂಥದ್ದು ಬಹಳ ಅಪರೂಪ.

ಅದರಿಂದಲೇ ರೋಗವನ್ನು ಪತ್ತೆ ಮಾಡುವ ಉಪಾಯ ಸುಲಭವಾಗಿದೆ. ಮೈಮೇಲೆ ಮಾಸಲಾದ ಅಥವಾ ಕೆಂಪಗಿನ ಮಚ್ಚೆ ಕಂಡರೆ ಅಲ್ಲಿ ಸ್ಪರ್ಶ ಇದೆಯೇ ಎಂದು ನೋಡಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಅದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ, ಬಾಲ್‌ಪೆನ್ ಒಂದಿದ್ದರೆ ಆಯಿತು. "ಅಜ್ಜಾ, ಕಣ್ಣ ಮುಚ್ಚರಿ. ನಾ ಎಲ್ಲಿ ಮುಟ್ಟತೇನಿ, ಅಲ್ಲಿ ಬಟ್ಟ ಇಟ್ಟ ತೋರಸರಿ" ಎನ್ನುತ್ತಾಳೆ. ಪೆನ್ನಿನ ತುದಿಯನ್ನು ಚರ್ಮ ತುಸು ತಗ್ಗುವಷ್ಟು ಮಾತ್ರ ಒತ್ತುತ್ತಾಳೆ. ಮಚ್ಚೆಯ ಹೊರಗೆ ಒತ್ತಿದಾಗ ಬೆರಳು ಸರಿಯಾಗಿ ಅಲ್ಲಿಗೇ ಬರುತ್ತದೆ. ಮಚ್ಚೆಯ ನಡುವೆ ಒತ್ತಿದಾಗ ಅಜ್ಜ ಸುಮ್ಮನೆ ಕೂತಿದ್ದರೆ ಅನುಮಾನಪಡಬೇಕು. ತೊನ್ನಿನ ಬಿಳಿಮಚ್ಚೆಯಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ. ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ, ತೊನ್ನು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಎರಡನ್ನೂ ಒಂದೇ ಎಂದುಕೊಂಡು ತೊನ್ನಿನವರನ್ನು ದೂರ ಇಡುವುದು, ಕುಷ್ಠದವರು ತಿಂಗಳುಗಟ್ಟಲೆ ಬರೀ ಮುಲಾಮು ಹಚ್ಚಿಕೊಂಡು ಕೂರುವುದು, ಎರಡೂ ನಡೆಯುತ್ತವೆ. ತುರಿಕೆಯಿಲ್ಲದ, ನೋವಿಲ್ಲದ ಮಚ್ಚೆಗಾಗಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಎಷ್ಟು ಜನ? ನೋವಿಲ್ಲದಿರುವುದೇ ಇಲ್ಲಿ ರೋಗದ ಮುಖ್ಯ ಲಕ್ಷಣ, ಚಿಕಿತ್ಸೆ ತಡವಾಗಲು ಕಾರಣವೂ ಅದೇ.

2001ರಲ್ಲಿ ಸ್ಟೀವರ್ಟ್ ಕೋಲ್ ಮತ್ತು ಸಂಗಡಿಗರು ಈ ರೋಗಾಣುವಿನ ಪೂರ್ತಿ ಜೀನೋಮನ್ನು ಓದಿ ಪ್ರಕಟಿಸಿದರು. ಅವರು ಬಳಸಿದ ತಳಿಯ ಹೆಸರು ಟಿಎನ್. ತಮಿಳುನಾಡಿನ ರೋಗಿಯೊಬ್ಬರಿಂದ ಬಂದದ್ದು. ಸುಮಾರು 32.7 ಲಕ್ಷ ಅಕ್ಷರಗಳ ಆ ಬರಹದಲ್ಲಿ ಕೆಲಸ ಮಾಡುವ ಜೀನುಗಳು ಹೆಚ್ಚುಕಡಿಮೆ 1600 ಮಾತ್ರ. ಒಂದು ಕಾಲಕ್ಕೆ ಕೆಲಸ ಮಾಡುತ್ತಿದ್ದು ಈಗ ಕೆಟ್ಟುನಿಂತವು 1100ಕ್ಕೂ ಹೆಚ್ಚು. ಇದರ ಹತ್ತಿರದ ಬಂಧು ಕ್ಷಯದ ರೋಗಾಣುವಿನಲ್ಲಿ ಸುಮಾರು 4000 ಜೀನುಗಳು ದುಡಿಯುತ್ತವೆ. ಕುಷ್ಠದ ರೋಗಾಣು ತಲೆತಲಾಂತರದಿಂದ ಇನ್ನೊಂದು ಜೀವಕೋಶದೊಳಗೇ ಬದುಕಿ, ತಾನೇ ಮಾಡಿಕೊಳ್ಳಬೇಕಾದ ಎಷ್ಟೋ ಕೆಲಸಗಳ ಜೀನುಗಳನ್ನು ಕಳೆದುಕೊಂಡಿದೆ. ಗಾಜಿನ ತಟ್ಟೆಯಲ್ಲಿ ಅದು ಬೆಳೆಯದಿರುವುದಕ್ಕೆ ಇದರಿಂದ ಅರ್ಥ ಸಿಕ್ಕಿತು. 1960ರಿಂದ ಇಲಿಯ ಪಾದದಲ್ಲಿ, 1971ರಿಂದ ಅಮೆರಿಕದ ಆರ್ಮಡಿಲೋ ಎಂಬ ಚಿಪ್ಪುಮೈಯ ಪ್ರಾಣಿಯಲ್ಲಿ ಇದನ್ನು ಬೆಳೆಸಿ ಅಧ್ಯಯನ ನಡೆದಿದೆ. ಆರ್ಮಡಿಲೋದ ಮೈ ಬಹುತೇಕ ಸಸ್ತನಿಗಳಿಗಿಂತ ತಂಪು.

ನರ ಹೇಗೆ ಹಾಳಾಗುತ್ತದೆ ಎಂಬ ವಿಷಯದಲ್ಲಿ ಈಚಿನ ವರ್ಷಗಳ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ನರತಂತುವಿಗೆ ಸುತ್ತಿಕೊಂಡು ಅದನ್ನು ಪೋಷಿಸುವ ಶ್ವಾನ್ ಕೋಶಗಳೊಳಗೆ ರೋಗಾಣು ಸೇರಿಕೊಳ್ಳುತ್ತದೆ. 2013ರಲ್ಲಿ ಎಡಿನ್‌ಬರೋದ ಅನುರ ರಂಬುಕ್ಕನ ತಂಡ ಇಲಿಯ ಕೋಶಗಳಲ್ಲಿ ಕಂಡದ್ದು ಹೀಗಿದೆ: ಒಳಸೇರಿದ ರೋಗಾಣು ಶ್ವಾನ್ ಕೋಶದ ಗುರುತನ್ನೇ ಅಳಿಸಿ ಅದನ್ನು ಆಕರಕೋಶದಂಥ ಎಳೆಯ ಸ್ಥಿತಿಗೆ ಮರಳಿಸುತ್ತದೆ. ಆ ಕೋಶ ಸ್ನಾಯುವಾಗಬಲ್ಲದು, ಬೇರೆಡೆಗೆ ಹೋಗಿ ಸೋಂಕು ಹರಡಬಲ್ಲದು. 2017ರಲ್ಲಿ ಝೀಬ್ರಾಮೀನಿನ ಪಾರದರ್ಶಕ ಮರಿಗಳಲ್ಲಿ ಇನ್ನೊಂದು ತಂಡ ಬೇರೆ ಸಂಗತಿ ನೋಡಿತು. ರೋಗಾಣುವನ್ನು ನುಂಗಲು ಬಂದ ನಮ್ಮದೇ ರಕ್ಷಣಾಕೋಶಗಳು ಅದರ ಹೊರಪದರದ ಒಂದು ಕೊಬ್ಬಿನಂಶದಿಂದ ಪ್ರಚೋದನೆಗೊಂಡು ನೈಟ್ರಿಕ್ ಆಕ್ಸೈಡ್ ಸುರಿಸುತ್ತವೆ. ಅದರಿಂದ ನರತಂತುವಿನ ಮೈಟೊಕಾಂಡ್ರಿಯಾಗಳು ಕೆಡುತ್ತವೆ, ಮೇಲಿನ ಹೊದಿಕೆ ಕಳಚುತ್ತದೆ. ಅಂದರೆ ನರಕ್ಕೆ ಬೀಳುವ ಪೆಟ್ಟಿನಲ್ಲಿ ನಮ್ಮ ಮೈಯ ಕಾವಲುಪಡೆಯ ಪಾಲೂ ಇದೆ. 2022ರಲ್ಲಿ ರಂಬುಕ್ಕನ ತಂಡವೇ ಸೋಂಕಿತ ಆರ್ಮಡಿಲೋಗಳ ಯಕೃತ್ತು ಗಾತ್ರದಲ್ಲಿ ಬೆಳೆದದ್ದನ್ನು ವರದಿ ಮಾಡಿತು. ಆ ಬೆಳವಣಿಗೆ ಗಡ್ಡೆಯಾಗದೆ, ಗಾಯದ ಕಲೆಯಾಗದೆ, ಆರೋಗ್ಯವಂತ ಯಕೃತ್ತಿನಂತೆಯೇ ಕೆಲಸ ಮಾಡುತ್ತಿತ್ತು. ಕೈಕಾಲು ಕುಗ್ಗಿಸುವ ರೋಗವೊಂದು ಅಂಗ ಬೆಳೆಸುವ ಗುಟ್ಟನ್ನೂ ಬಲ್ಲದೆಂದರೆ ಪುನರುತ್ಪತ್ತಿ ವೈದ್ಯಕ್ಕೆ ಅದರಿಂದ ಕಲಿಯುವುದು ಬಹಳವಿದೆ. ಮನುಷ್ಯರ ಚಿಕಿತ್ಸೆಗೆ ಅದು ಇನ್ನೂ ಬಂದಿಲ್ಲ.

ಔಷಧದ ಕತೆ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಗೆದ್ದ ಕತೆ. ಡ್ಯಾಪ್ಸೋನ್ ಒಂದನ್ನೇ ಕೊಡುತ್ತಿದ್ದ ಕಾಲದಲ್ಲಿ ರೋಗಾಣು ಅದಕ್ಕೆ ಬಗ್ಗದಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಸೇರಿಸಿದ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. 1995ರಿಂದ ಅದು ಜಗತ್ತಿನೆಲ್ಲೆಡೆ ಉಚಿತ. ಈವರೆಗೆ ಒಂದೂವರೆ ಕೋಟಿಗೂ ಹೆಚ್ಚು ಜನ ಗುಣಮುಖರಾಗಿದ್ದಾರೆ. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ಸೋಂಕು ಹರಡುವುದು ನಿಲ್ಲುತ್ತದೆ. 2005ರ ಡಿಸೆಂಬರ್‌ನಲ್ಲಿ ಭಾರತ 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗಡಿ ತಲುಪಿತು. ಈ ಸಾಧನೆಯನ್ನು 'ನಿರ್ಮೂಲನೆ' ಎಂದು ಕರೆದದ್ದರಿಂದ ರೋಗವೇ ಹೋಯಿತೆಂದು ಬಹಳ ಜನ ತಿಳಿದರು, ಯುವ ವೈದ್ಯರಿಗೂ ಅದರ ಪರಿಚಯ ತಪ್ಪಿತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ 1,74,087 ಹೊಸ ರೋಗಿಗಳಲ್ಲಿ 1,03,819 ಮಂದಿ ಭಾರತದವರೇ. ಈಗ ಹೊಸ ರೋಗಿಯ ಮನೆಯವರಿಗೂ ಹತ್ತಿರದವರಿಗೂ ರಿಫಾಂಪಿಸಿನ್‌ನ ಒಂದೇ ಒಂದು ಡೋಸ್ ಕೊಡುವ ಪದ್ಧತಿ ಬಂದಿದೆ. ಬಾಂಗ್ಲಾದೇಶದ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ಮೊದಲ ಎರಡು ವರ್ಷ ಹೊಸ ರೋಗವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಕ್ಷಯದ ಹೊಸ ಔಷಧ ಬೆಡಾಕ್ವಿಲಿನ್ ಸಹ ಕುಷ್ಠದ ಮೇಲೆ ಪರೀಕ್ಷೆಗೆ ಒಳಗಾಗಿದೆ. ನಮ್ಮ ಸರ್ಕಾರ 2027ರೊಳಗೆ ಸೋಂಕಿನ ಸರಪಳಿ ಕಡಿಯುವ ಗುರಿ ಇಟ್ಟುಕೊಂಡಿದೆ.

ಮೂರು ಔಷಧಗಳಲ್ಲಿ ಕ್ಲೋಫಜಿಮಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಮೂಲತಃ ಬಣ್ಣದ ವಸ್ತು. 1950ರ ದಶಕದಲ್ಲಿ ಡಬ್ಲಿನ್ನಿನ ರಸಾಯನವಿಜ್ಞಾನಿಗಳು ಕ್ಷಯಕ್ಕೆಂದು ತಯಾರಿಸಿದ ಕಡುಗೆಂಪು ಹರಳು. ಚರ್ಮದ ಕೊಬ್ಬಿನಲ್ಲಿ ಸೇರಿಕೊಂಡು ಮೈಬಣ್ಣವನ್ನು ಕೆಂಗಪ್ಪಾಗಿಸುತ್ತದೆ. ಔಷಧ ನಿಲ್ಲಿಸಿದ ಮೇಲೂ ಬಣ್ಣ ಮಾಯಲು ತಿಂಗಳುಗಳೇ ಬೇಕು. ರೋಗವನ್ನು ಊರಿಂದ ಮುಚ್ಚಿಟ್ಟವರ ಗುಟ್ಟನ್ನು ಔಷಧವೇ ಮುಖದ ಮೇಲೆ ಬರೆಯುತ್ತದೆ. ಮದುವೆಯ ವಯಸ್ಸಿನ ಹುಡುಗಿಗೆ ಇದೇನು ಸಣ್ಣ ತೊಂದರೆ? 2019ರವರೆಗೆ ನಮ್ಮ ಮದುವೆ ಕಾನೂನುಗಳಲ್ಲಿ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿತ್ತು. ಆ ವರ್ಷ ಸಂಸತ್ತು ಅದನ್ನು ತೆಗೆದುಹಾಕಿತು.

ರೋಗಾಣು ಸತ್ತಿತು, ಮಾತ್ರೆಯ ಪಟ್ಟಿಗಳು ಮುಗಿದವು. ಸತ್ತ ನರ ಮಾತ್ರ ಮರಳಲಿಲ್ಲ. ಇಲ್ಲಿಂದ ವಿಷಯ ಔಷಧಶಾಸ್ತ್ರ ಬಿಟ್ಟು ವಸ್ತುವಿಜ್ಞಾನಕ್ಕೆ ಬರುತ್ತದೆ.

ಕುಷ್ಠದಲ್ಲಿ ಬೆರಳುಗಳು ಕೊಳೆತು ತಾವಾಗಿ ಉದುರುತ್ತವೆ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲೂ ಇತ್ತು. ಅದನ್ನು ಅಲ್ಲಗಳೆದವರು ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ. ಬಗ್ಗಿಹೋದ ಬೆರಳುಗಳನ್ನು ಬೇರೆ ಸ್ನಾಯುರಜ್ಜು ಜೋಡಿಸಿ ನೇರ ಮಾಡಿದ್ದು ಅವರ ಹೆಸರಾದ ಕೆಲಸ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ರೋಗಿಗಳ ದಿನಚರಿಯನ್ನು ನೋಡಿದ ರೀತಿ. ತುಕ್ಕುಹಿಡಿದ ಬೀಗದ ಕೀಲಿಯನ್ನು ಬೆರಳಿನ ಮಾಂಸ ಹರಿಯುವವರೆಗೆ ತಿರುಗಿಸುವುದು, ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುವುದು, ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರವಾಗದಿರುವುದು, ಎಲ್ಲವನ್ನೂ ಅವರು ಕಂಡರು. ಪೆಟ್ಟಿನಿಂದ ಗಾಯ, ಗಾಯದಿಂದ ಕೀವು, ಕೀವಿನಿಂದ ಮೂಳೆ ಸವೆತ. ಹೀಗೆ ಬೆರಳು ಮೋಟಾಗುತ್ತದೆ.

ಕಾಲಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಮುಳ್ಳು ಬೇಕಿಲ್ಲ, ನಡಿಗೆಯೇ ಸಾಕು. ಆರು ಮೈಲಿ ನಡೆದ ಸಾಮಾನ್ಯ ಮನುಷ್ಯ ತನಗೆ ತಿಳಿಯದಂತೆಯೇ ಹೆಜ್ಜೆ ಬದಲಿಸುತ್ತಿರುತ್ತಾನೆ. ಹೆಬ್ಬೆರಳ ಬುಡ ಉರಿಯತೊಡಗಿದರೆ ಭಾರ ಹೊರಬದಿಗೆ ಜಾರುತ್ತದೆ, ಆಮೇಲೆ ಹಿಮ್ಮಡಿಗೆ. ಸ್ಪರ್ಶವಿಲ್ಲದ ಕಾಲು ಮೊದಲ ಹೆಜ್ಜೆ ಇಟ್ಟಂತೆಯೇ ಹತ್ತು ಸಾವಿರದ ಹೆಜ್ಜೆಯನ್ನೂ ಅದೇ ಜಾಗದ ಮೇಲೆ ಇಡುತ್ತದೆ. ಬ್ರಾಂಡ್ ಮುಂದೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಇಲಿಗಳ ಪಾದದ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು: ಒಂದು ಸಲ ಬಿದ್ದರೆ ಏನೂ ಮಾಡದ ಸಾಧಾರಣ ಒತ್ತಡ, ಸಾವಿರಾರು ಸಲ ಬಿಡುವಿಲ್ಲದೆ ಬಿದ್ದಾಗ ಅಂಗಾಂಶವನ್ನು ಬಾವುಗಟ್ಟಿಸಿ ಒಡೆಯುತ್ತದೆ. ಪಾದರಕ್ಷೆಯೊಳಗೆ ಅಂಗಾಲಿನ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ, ಅಂದರೆ 200 ಕಿಲೋಪಾಸ್ಕಲ್ ದಾಟಬಾರದೆಂದು ಇಂದಿನ ತಜ್ಞರು ಇಟ್ಟುಕೊಂಡಿರುವ ಮಿತಿ. ನೆಲಕ್ಕೆ ಒತ್ತಿ ಮುಂದೆ ಚಿಮ್ಮುವ ಗಳಿಗೆಯಲ್ಲಿ ಮುಂಗಾಲಿನ ಮೂಳೆತುದಿಗಳ ಕೆಳಗೆ ಅದಕ್ಕಿಂತ ಹೆಚ್ಚು ಭಾರ ಬೀಳುವುದು ಬರಿಗಾಲಿಗೆ ದಿನನಿತ್ಯದ ಮಾತು.

ಇದಕ್ಕೆ ವೆಲ್ಲೂರಿನಲ್ಲಿ ಬ್ರಾಂಡ್ ಮತ್ತು ಜೊತೆಗಾರರು ಹುಡುಕಿದ ಪರಿಹಾರವೇ ಮೈಕ್ರೋಸೆಲ್ಯುಲರ್ ರಬ್ಬರ್. ಆಸ್ಪತ್ರೆಗಳಲ್ಲಿ ಅದನ್ನು ಎಂಸಿಆರ್ ಚಪ್ಪಲಿ ಎನ್ನುತ್ತಾರೆ. ರಬ್ಬರಿಗೆ ಗಂಧಕದ ಜೊತೆ ಬಿಸಿಯಾದಾಗ ಅನಿಲ ಬಿಡುವ ಒಂದು ರಾಸಾಯನಿಕ ಬೆರೆಸಿ ಅಚ್ಚಿನಲ್ಲಿ ಕಾಯಿಸುತ್ತಾರೆ. ರಬ್ಬರ್ ಗಟ್ಟಿಯಾಗುವ ಹೊತ್ತಿಗೆ ಅದರ ಮೈತುಂಬ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳು ಹುಟ್ಟಿರುತ್ತವೆ, ಪ್ರತಿಯೊಂದೂ ಮುಚ್ಚಿದ ಕೋಣೆ. ಸ್ಪಂಜಿನ ತೂತುಗಳು ಒಂದಕ್ಕೊಂದು ತೆರೆದಿರುವುದರಿಂದ ಒತ್ತಿದರೆ ಗಾಳಿ ಹೊರಹೋಗಿ ಸ್ಪಂಜು ತಳಕಚ್ಚುತ್ತದೆ. ಈ ರಬ್ಬರಿನ ಗಾಳಿ ಎಲ್ಲಿಗೂ ಹೋಗಲಾರದು. ಅದು ಕುಗ್ಗಿ, ಮೂಳೆತುದಿಗೆ ತಕ್ಕ ತಗ್ಗು ಮಾಡಿಕೊಟ್ಟು, ಭಾರವನ್ನು ಸುತ್ತಲಿನ ಅಗಲ ಜಾಗಕ್ಕೆ ಹಂಚಿ, ಕಾಲೆತ್ತಿದಾಗ ಮತ್ತೆ ಮೊದಲಿನಂತಾಗುತ್ತದೆ. ಶೋರ್ ಮಾಪಕದಲ್ಲಿ ಇದರ ಗಡಸುತನ ಸುಮಾರು 15 ಇರಬೇಕು. ತೀರ ಮೆತ್ತಗಿದ್ದರೆ ಕೆಲವೇ ವಾರಗಳಲ್ಲಿ ಚಪ್ಪಟೆಯಾಗುತ್ತದೆ, ಗಟ್ಟಿಯಿದ್ದರೆ ಪ್ರಯೋಜನವೇ ಇಲ್ಲ. ಮೆತ್ತನೆಯ ಈ ಹಾಸಿನ ಕೆಳಗೆ ಮುಳ್ಳು ದಾಟದಂಥ ಗಟ್ಟಿ ಅಟ್ಟೆ ಬೇಕು. ಎರಡನ್ನೂ ಅಂಟಿನಿಂದ, ಹೊಲಿಗೆಯಿಂದ ಕೂಡಿಸುತ್ತಾರೆ, ಮೊಳೆ ಹೊಡೆಯುವಂತಿಲ್ಲ. ಅಟ್ಟೆ ಸವೆದು ಮೊಳೆ ಮೇಲೆ ಬಂದರೆ ತೊಟ್ಟವರಿಗೆ ಗೊತ್ತಾಗುವುದಿಲ್ಲವಲ್ಲ. ಹಿಮ್ಮಡಿಗೆ ಹಿಂಪಟ್ಟಿಯೂ ಬೇಕು, ಏಕೆಂದರೆ ಸ್ಪರ್ಶವಿಲ್ಲದ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ತಿಳಿಯದು. ರಾಷ್ಟ್ರೀಯ ಕುಷ್ಠ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇಂಥವರಿಗೆ ವರ್ಷಕ್ಕೆ ಎರಡು ಜೊತೆ ಉಚಿತವಾಗಿ ಕೊಡುವ ನಿಯಮವಿದೆ.

ಈಚೆಗೆ ಇದೇ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಬೇರೆ ದಿಕ್ಕಿನಿಂದ ಎತ್ತಿಕೊಂಡರು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೂ ಅಂಗಾಲಿನ ನರಗಳು ಸಾಯುತ್ತವೆ, ಅದೇ ಹುಣ್ಣು, ಅದೇ ಜಾಗಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಜಿ. ಕೆ. ಅನಂತಸುರೇಶ್ ಮತ್ತು ಸಂಗಡಿಗರು ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯ ಪಾದವೈದ್ಯ ಪವನ್ ಬೆಳೆಹಳ್ಳಿಯವರ ಜೊತೆ ಸೇರಿ ರೂಪಿಸಿದ ಪಾದರಕ್ಷೆಯ ವಿವರ 2022ರಲ್ಲಿ ಪ್ರಕಟವಾಯಿತು. ಅದರ ಅಡಿಯಲ್ಲಿ ತ್ರೀಡಿ ಮುದ್ರಣದಿಂದ ಮಾಡಿದ ಪುಟ್ಟ ಕಮಾನುಗಳ ಸಾಲಿದೆ. ಒಂದು ಜಾಗದ ಮೇಲೆ ಬೀಳುವ ಬಲ ಗೊತ್ತುಮಾಡಿದ ಮಿತಿ ದಾಟಿದ ಕೂಡಲೆ, ಹೆಣ್ಣುಮಕ್ಕಳ ಕೂದಲ ಟಿಕ್‌ಟಿಕ್ ಕ್ಲಿಪ್ಪಿನಂತೆ, ಅಲ್ಲಿನ ಕಮಾನು ಟಕ್ಕೆಂದು ಕೆಳಮುಖವಾಗಿ ಮಗುಚುತ್ತದೆ. ಆ ಜಾಗದ ಭಾರ ತಪ್ಪಿ ಅಕ್ಕಪಕ್ಕಕ್ಕೆ ಹೋಗುತ್ತದೆ. ಕಾಲೆತ್ತಿದರೆ ಕಮಾನು ತಾನಾಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಬ್ಯಾಟರಿ, ಸೆನ್ಸರ್ ಯಾವುದೂ ಇಲ್ಲ. ಮಿತಿ ಎಷ್ಟಿರಬೇಕೆಂಬುದನ್ನು ತೊಡುವವರ ತೂಕ, ಅಳತೆ, ನಡಿಗೆ ನೋಡಿ ಕಮಾನಿನ ದಪ್ಪ, ಬಾಗುಗಳಲ್ಲೇ ನಿಗದಿ ಮಾಡುತ್ತಾರೆ. ನೋವು ಬಲ್ಲ ಕಾಲು ನಡುನಡುವೆ ಹೆಜ್ಜೆ ಬದಲಿಸುತ್ತಿತ್ತಲ್ಲ, ಆ ಕೆಲಸವನ್ನು ಇಲ್ಲಿ ವಸ್ತುವಿನ ಆಕಾರವೇ ವಹಿಸಿಕೊಂಡಿದೆ. ಬ್ರಾಂಡ್ ಅವರ ರಬ್ಬರ್ ಭಾರವನ್ನು ಹಂಚುತ್ತದೆ. ಈ ಕಮಾನು ಭಾರಕ್ಕೆ ಪ್ರತಿಕ್ರಿಯಿಸುತ್ತದೆ. ಈ ವ್ಯತ್ಯಾಸ ದೊಡ್ಡದು.

ಸಕ್ಕರೆ ಕಾಯಿಲೆಯವರ ದೆಸೆಯಿಂದ ಇನ್ನೊಂದು ಒಳ್ಳೆಯದೂ ಆಗಿದೆ. ದಪ್ಪ ಕರಿಹಾಸಿನ ಎಂಸಿಆರ್ ಚಪ್ಪಲಿ ಒಂದು ಕಾಲಕ್ಕೆ ಕುಷ್ಠದ ಗುರುತಾಗಿತ್ತು, ಹಾಗಾಗಿ ಎಷ್ಟೋ ಜನ ಅದನ್ನು ಪಡೆದು ಮನೆಯ ಮೂಲೆಯಲ್ಲಿಡುತ್ತಿದ್ದರು. ಈಗ ಅದೇ ಹಾಸಿನ ಚಪ್ಪಲಿಯನ್ನು ಸಕ್ಕರೆ ಕಾಯಿಲೆಯ ಶಿಕ್ಷಕರು, ವ್ಯಾಪಾರಿಗಳು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಆದರೂ ಬೀಡಿಯ ಜುಲೈಗೆ ಯಾವ ಚಪ್ಪಲಿ? ಎಂಸಿಆರ್ ಚಪ್ಪಲಿಯ ಚರ್ಮದ ಪಟ್ಟಿ ಮಳೆಯಲ್ಲಿ ನೆಂದು ಕೊಳೆಯುತ್ತದೆ, ಅಂಟು ಬಿಡುತ್ತದೆ. ಕಮಾನುಗಳ ಸಂದಿಗೆ ಕೆಸರು ಸೇರಿದರೆ ಮಗುಚಲು ಜಾಗವೆಲ್ಲಿ? ಗಂಬೂಟು ಮುಳ್ಳನ್ನು ತಡೆಯುತ್ತದೆ, ಒಳಗೆ ಬೆವರು ನಿಂತು ಚರ್ಮ ನೆನೆದು ಉಜ್ಜುತ್ತದೆ. ಸಿಮೆಂಟು ನೆಲದ ಮೇಲೆ ನಡೆಸಿ ನೋಡಿದ ಪಾದರಕ್ಷೆ ಮಲೆನಾಡಿನ ಸೆರಗಿನ ಗದ್ದೆಗೂ ಆದೀತೆಂದುಕೊಳ್ಳುವುದು ತಪ್ಪು. ಕೊಳೆಯದ ಪಟ್ಟಿ, ತೊಳೆದರೆ ಒಣಗುವ ಹಾಸು, ಕೆಸರು ಕಚ್ಚದ ಅಟ್ಟೆ ಇವೆಲ್ಲ ಹೊಸ ಪಾಲಿಮರುಗಳಿಂದ ಆಗದ ಕೆಲಸವೇನಲ್ಲ. ಗದ್ದೆಗಿಳಿಯುವವರನ್ನು ಮುಂದೆ ಕೂರಿಸಿಕೊಂಡು ಕೇಳುವ ಎಂಜಿನಿಯರುಗಳು ಬೇಕು.

ಅಲ್ಲಿಯವರೆಗೆ ಕಾಲು ಉಳಿಸುವ ದಾರಿ ಚರ್ಮದ ರಚನೆಯಲ್ಲೇ ಇದೆ. ನರದ ಜೊತೆ ಬೆವರಿನ ಗ್ರಂಥಿಗಳೂ ಕೆಲಸ ನಿಲ್ಲಿಸುತ್ತವೆ. ಅಂಗಾಲಿನ ಹೊರಪದರ ಕೆರಾಟಿನ್ ಎಂಬ ಪ್ರೋಟೀನಿನದು. ನೀರಿದ್ದಾಗ ಬಾಗುತ್ತದೆ, ಒಣಗಿದಾಗ ಸೀಳುತ್ತದೆ. ಆ ಬಿರುಕೇ ಕೀವಿಗೆ ಬಾಗಿಲು. ದಿನಾ ಅರ್ಧ ಗಂಟೆ ಸಾದಾ ನೀರಿನಲ್ಲಿ ಕಾಲಿಟ್ಟು ಕೂತು, ಜಡ್ಡುಗಟ್ಟಿದ ಜಾಗವನ್ನು ಒರಟುಗಲ್ಲಿನಿಂದ ಮೆಲ್ಲಗೆ ಉಜ್ಜಿ, ಒದ್ದೆ ಆರುವ ಮೊದಲೇ ಎಣ್ಣೆ ಸವರಿದರೆ ಕೆರಾಟಿನ್ ಕುಡಿದ ನೀರು ಒಳಗೇ ಉಳಿಯುತ್ತದೆ. ಯಾವ ಎಣ್ಣೆಯಾದರೂ ನಡೆಯುತ್ತದೆ, ನೀರು ಬಿಸಿಯಾಗಿರಬಾರದು. ಆಮೇಲೆ ಎರಡೂ ಅಂಗಾಲುಗಳನ್ನು ಕೈಯಿಂದ ಮುಟ್ಟಿ ನೋಡಬೇಕು; ಕೈಗೂ ಸ್ಪರ್ಶವಿಲ್ಲದಿದ್ದರೆ ಮನೆಯವರು ಮುಟ್ಟಬೇಕು. ಒಂದು ಪಾದದ ಒಂದು ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿದ್ದರೆ ಅಲ್ಲಿ ಹುಣ್ಣು ಏಳಬಹುದು ಎಂಬುದು ಸಕ್ಕರೆ ಕಾಯಿಲೆಯ ಪಾದಗಳ ಅಧ್ಯಯನಗಳಿಂದ ಬಂದ ತಿಳಿವಳಿಕೆ. ಆಗ ಬೇಕಾದದ್ದು ವಿಶ್ರಾಂತಿ. ಹುಣ್ಣೇ ಆಗಿದ್ದರೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಕೆಲಸದಿಂದ ಬಂದ ಕೊಲಾಜೆನ್ ಹಾಳೆಗಳಿಂದ ಹಿಡಿದು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ರೂಪಿಸಿದ ಹೊದಿಕೆಯವರೆಗೆ ಗಾಯ ಮುಚ್ಚುವ ಸಾಮಗ್ರಿಗಳು ನಮ್ಮಲ್ಲೇ ತಯಾರಾಗಿವೆ. ಯಾವ ಹೊದಿಕೆ ಹಾಕಿದರೂ ಅದರ ಮೇಲೆಯೇ ನಡೆದರೆ ಗಾಯ ಮಾಯದು.

ಇದೆಲ್ಲ ನರ ಸತ್ತ ಮೇಲಿನ ಮಾತಾಯಿತು. ಸಾಯುವ ಮೊದಲು ನರ ಎಚ್ಚರಿಸುತ್ತದೆ: ಮೊಣಕೈ ಬಳಿ ಸೆಳೆತ, ಬೆರಳಿಗೆ ಜೋಮು, ಕಾಲಿನಿಂದ ಚಪ್ಪಲಿ ಜಾರುವುದು. ಔಷಧ ತೆಗೆದುಕೊಳ್ಳುತ್ತಿರುವಾಗಲೂ, ಮುಗಿಸಿದ ಮೇಲೂ ರೋಗನಿರೋಧಕ ಪಡೆ ರೇಗಿ ಈ ಲಕ್ಷಣಗಳು ಬರಬಹುದು. ಸ್ಪರ್ಶ ಅಥವಾ ಬಲ ಕುಂದಿ ಆರು ತಿಂಗಳು ದಾಟಿಲ್ಲವಾದರೆ ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಪ್ರೆಡ್ನಿಸೋಲೋನ್ ಎಂಬ ಔಷಧ ಬಹಳ ಜನರಲ್ಲಿ ನರವನ್ನು ಉಳಿಸಿಕೊಡುತ್ತದೆ. ತಡವಾದರೆ ಆ ಅವಕಾಶ ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳ ಮಾತ್ರೆಪಟ್ಟಿ ಕೈಗಿಡುವ ದಿನ ರೋಗಿಯನ್ನು ಹಾಗೆಯೇ ಕಳಿಸದೆ, ಕಣ್ಣು ಮುಚ್ಚಿಸಿ, ಅಂಗೈ ಅಂಗಾಲುಗಳ ಗೊತ್ತಾದ ಜಾಗಗಳಿಗೆ ಪೆನ್ನಿನ ತುದಿ ತಾಗಿಸಿ, ಕಳೆದ ತಿಂಗಳ ಚೀಟಿಯೊಡನೆ ಹೋಲಿಸಿ ನೋಡಬೇಕು. ಐದು ನಿಮಿಷದ ಕೆಲಸ ಅದು.